ಹೆಗಲ ಮೂಳೆ ಮತ್ತು ಕೃತಕ ಕೀಲು: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೆಗಲಿನ ಕೀಲು ಬದಲಾಯಿಸಬೇಕು ಅಂತ ಡಾಕ್ಟರ್ ಹೇಳಿದ ಕೂಡಲೇ ಜನ ಕೇಳುವುದು, "ಯಾವ ಕಂಪನಿದು ಹಾಕಿಸ್ಲಿ?" ಆಮೇಲೆ, "ಎಷ್ಟಾಗುತ್ತೆ?" ತನ್ನ ಮೂಳೆ ಅದನ್ನು ಹಿಡಿದುಕೊಳ್ಳುತ್ತದಾ ಅಂತ ಕೇಳುವವರು ತೀರಾ ಕಡಿಮೆ. ನಾನು ಡಾಕ್ಟರ್ ಅಲ್ಲ. ಮೂಳೆ, ಲೋಹ, ಪ್ಲಾಸ್ಟಿಕ್‌ಗಳನ್ನು ಯಂತ್ರಕ್ಕೆ ಕೊಟ್ಟು ಒತ್ತಿ, ಎಳೆದು ನೋಡುವ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಊರಿಗೆ ಬಂದಾಗ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ನೆಂಟರು, ತೋಟದ ಅಕ್ಕಪಕ್ಕದವರು ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಆಪರೇಷನ್ ಬೇಕಾ, ಬೇಡವಾ ಅನ್ನುವ ತೀರ್ಮಾನ ಮಾತ್ರ ನಿಮ್ಮನ್ನು ಪರೀಕ್ಷೆ ಮಾಡಿದ ಡಾಕ್ಟರ್ ಜೊತೆ ಕೂತು ಮಾಡುವಂಥದ್ದು.

ಹೆಗಲ ಕೀಲು ಅಂದರೆ ನಿಜವಾಗಿ ಯಾವ ಮೂಳೆಗಳು?

ರಟ್ಟೆಯ ಮೂಳೆಯ ಮೇಲ್ತುದಿ ಅರ್ಧ ಚೆಂಡಿನ ಹಾಗೆ ಗುಂಡಗಿದೆ. ಬೆನ್ನ ಮೇಲಿರುವ ಹೆಗಲ ಹಲಗೆಯ ಹೊರಮೂಲೆಯಲ್ಲಿ ಒಂದು ಸಣ್ಣ, ಆಳವಿಲ್ಲದ ಬಟ್ಟಲು ಇದೆ. ಡಾಕ್ಟರ್‌ಗಳು ಅದನ್ನು ಗ್ಲೀನಾಯ್ಡ್ ಅನ್ನುತ್ತಾರೆ. ಈ ಗುಂಡು ಆ ಬಟ್ಟಲಿನ ಮೇಲೆ ಹೊರಳುತ್ತದೆ. ಬಟ್ಟಲಿನ ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್, ಅಗಲ ಎರಡೂವರೆ ಸೆಂಟಿಮೀಟರ್ ಆಸುಪಾಸು. ಸಣ್ಣ ಮೈಕಟ್ಟಿನ ಹೆಂಗಸರಲ್ಲಿ ಇನ್ನೂ ಚಿಕ್ಕದು. ಸೊಂಟದ ಕೀಲಿನಲ್ಲಿ ಗುಂಡು ಒಳಗೆ ಹೂತು ಕೂತಿರುತ್ತದೆ. ಇಲ್ಲಿ ಹಾಗಿಲ್ಲ. ಮುಖ್ಯವಾಗಿ ಸುತ್ತಲಿನ ಸ್ನಾಯುಗಳು ಎಳೆದು ಹಿಡಿದಿರುವುದರಿಂದ ಅದು ಜಾರದೆ ನಿಂತಿದೆ. ಕೈ ಎಲ್ಲ ದಿಕ್ಕಿಗೂ ತಿರುಗುವುದು ಇದರಿಂದಲೇ. ಇಂಪ್ಲಾಂಟ್, ಅಂದರೆ ಕೃತಕ ಕೀಲು, ಕೂರಿಸುವವರಿಗೆ ತಲೆನೋವಾಗುವುದೂ ಇದೇ ಬಟ್ಟಲು. ಅಷ್ಟು ಚಿಕ್ಕ ಜಾಗದಲ್ಲಿ ಹಿಡಿತ ಸಿಗಬೇಕು.

ಮೂಳೆಯ ಬಲವನ್ನು ಹೇಗೆ ಅಳೆಯುತ್ತಾರೆ?

ಎರಡು ಗುಣ ಬೇರೆ ಬೇರೆ. ಭಾರ ಬಿದ್ದಾಗ ಎಷ್ಟರ ಮಟ್ಟಿಗೆ ಬಗ್ಗದೆ ನಿಲ್ಲುತ್ತದೆ ಅನ್ನುವುದು ಬಿಗುವು. ಎಷ್ಟು ಭಾರಕ್ಕೆ ಮುರಿಯುತ್ತದೆ ಅನ್ನುವುದು ಬಲ. ಮೂಳೆಯಲ್ಲೂ ಎರಡು ಬಗೆ ಇದೆ. ಹೊರಗಿನ ಚಿಪ್ಪು ಗಟ್ಟಿ ಮೂಳೆ. ಒಳಗಿರುವುದು ಸಣ್ಣ ಸಣ್ಣ ಕಡ್ಡಿಗಳ ಜಾಲ, ತೂತು ತೂತಾದ ಜಾಳು ಮೂಳೆ.

ತೊಡೆಯ ಗಟ್ಟಿ ಮೂಳೆಯ ಮೇಲೆ ನಡೆದ ಹಳೆಯ ಪರೀಕ್ಷೆಗಳ ಲೆಕ್ಕ ಹೀಗಿದೆ. ಉದ್ದಕ್ಕೆ ಒತ್ತಿದರೆ ಒಂದು ಚದರ ಮಿಲಿಮೀಟರಿಗೆ ಸುಮಾರು 19 ಕಿಲೋ ಭಾರ ತಡೆಯುತ್ತದೆ. ಎಳೆದರೆ ಸುಮಾರು 13 ಕಿಲೋ. ಪದರ ಜಾರುವ ಹಾಗೆ ಅಡ್ಡಕ್ಕೆ ತಳ್ಳಿದರೆ ಬರೀ 7 ಕಿಲೋ. ಅಂದರೆ ಮೂಳೆಗೆ ಒತ್ತುವಿಕೆ ಇಷ್ಟ, ಎಳೆತ ಅಷ್ಟಕ್ಕಷ್ಟೆ, ಜಾರಿಸುವ ತಳ್ಳು ಕಷ್ಟ. ಹೆಗಲಿನ ಗಟ್ಟಿ ಮೂಳೆಯೂ ಇದೇ ಸರಕು, ಆದರೆ ಅಲ್ಲಿ ಚಿಪ್ಪು ತೆಳ್ಳಗೆ. ಒಳ್ಳೆಯ ಇಂಪ್ಲಾಂಟ್ ಅಂದರೆ ಮೂಳೆಯ ಮೇಲೆ ಆದಷ್ಟು ನೇರ ಒತ್ತಡವನ್ನೇ ಹಾಕುವ, ಜಾರಿಸುವ ಬಲವನ್ನು ಕಡಿಮೆ ಮಾಡುವ ಇಂಪ್ಲಾಂಟ್. ಈ ಒಂದು ಸಾಲು ನೆನಪಿದ್ದರೆ ಕೆಳಗಿನ ಅರ್ಧ ಉತ್ತರಗಳು ತಾವೇ ಹೊಳೆಯುತ್ತವೆ.

ಮೂಳೆ ಸತ್ತ ವಸ್ತುವಲ್ಲ ಅನ್ನುವುದೂ ಇದೆ. ಅದರ ತೂಕದ ಹೆಚ್ಚು ಪಾಲು ಸುಣ್ಣ ಮತ್ತು ರಂಜಕ ಸೇರಿದ ಖನಿಜ. ಉಳಿದದ್ದು ಕೊಲ್ಯಾಜೆನ್ ಅನ್ನುವ ನಾರು ಮತ್ತು ನೀರು. ಖನಿಜ ಬಿಗುವು ಕೊಡುತ್ತದೆ, ನಾರು ಥಟ್ಟನೆ ಒಡೆಯದ ಹಾಗೆ ನೋಡಿಕೊಳ್ಳುತ್ತದೆ.

ಹಾಗಾದರೆ ಎಲ್ಲಕ್ಕಿಂತ ಗಟ್ಟಿ ಲೋಹ ಹಾಕಿಸಿದರೆ ಒಳ್ಳೆಯದಲ್ವಾ?

ಅಲ್ಲ. ಇಲ್ಲೇ ಜಾಸ್ತಿ ಜನ ದಾರಿ ತಪ್ಪುವುದು.

ಬಿಗುವನ್ನು ಗಿಗಾಪಾಸ್ಕಲ್‌ನಲ್ಲಿ ಹೇಳುತ್ತಾರೆ. ಸಂಖ್ಯೆ ದೊಡ್ಡದಾದಷ್ಟು ವಸ್ತು ಕಡಿಮೆ ಬಗ್ಗುತ್ತದೆ, ಅಷ್ಟೇ. ಗಟ್ಟಿ ಮೂಳೆ 17ರಿಂದ 20. ಟೈಟಾನಿಯಂ ಮಿಶ್ರಲೋಹ ಸುಮಾರು 110. ಕೋಬಾಲ್ಟ್ ಕ್ರೋಮಿಯಂ 200ಕ್ಕೂ ಮೇಲೆ. ಜಾಳು ಮೂಳೆ ಒಂದಕ್ಕೂ ಕಡಿಮೆ. ಹಲವು ಕಡೆ ಅದರ ಹತ್ತನೇ ಒಂದು ಭಾಗ ಮಾತ್ರ.

ಇಷ್ಟು ವ್ಯತ್ಯಾಸ ಇರುವ ಎರಡು ವಸ್ತುಗಳು ಅಂಟಿಕೊಂಡು ಭಾರ ಹೊರುವಾಗ, ಬಿಗುವಾದದ್ದೇ ಹೆಚ್ಚು ಭಾರ ಹೊತ್ತುಕೊಳ್ಳುತ್ತದೆ. ಪಕ್ಕದ ಮೂಳೆಗೆ ಕೆಲಸ ತಪ್ಪುತ್ತದೆ. ಕೆಲಸವಿಲ್ಲದ ಮೂಳೆಯನ್ನು ದೇಹ ನಿಧಾನವಾಗಿ ಕರಗಿಸುತ್ತದೆ. ಭಾರ ಬಿದ್ದ ಕಡೆ ಮೂಳೆ ಬೆಳೆಯುತ್ತದೆ, ಬೀಳದ ಕಡೆ ಸೊರಗುತ್ತದೆ ಅಂತ ಜರ್ಮನಿಯ ಸರ್ಜನ್ ಯೂಲಿಯುಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಕೃತಕ ಗುಂಡನ್ನು ನಿಲ್ಲಿಸಲು ರಟ್ಟೆ ಮೂಳೆಯೊಳಗೆ ಉದ್ದನೆಯ, ದಪ್ಪನೆಯ ಲೋಹದ ಕಡ್ಡಿ ಇಳಿಸಿದವರ ಎಕ್ಸ್‌ರೇಯಲ್ಲಿ ಕೆಲವು ವರ್ಷಗಳ ಮೇಲೆ ಮೇಲ್ಭಾಗದ ಮೂಳೆ ತೆಳುವಾಗಿ ಕಾಣುವುದು ಇದರಿಂದ. ಹಾಗೆ ಕಂಡವರಿಗೆಲ್ಲ ನೋವು ಬರುತ್ತದೆ ಅಂತಲ್ಲ. ಆದರೆ ಮುಂದೆ ಇನ್ನೊಂದು ಆಪರೇಷನ್ ಬೇಕಾದರೆ ಹಿಡಿತಕ್ಕೆ ಮೂಳೆ ಕಡಿಮೆ ಇರುತ್ತದೆ.

ಇದಕ್ಕೇ ಈಗ ಕಡ್ಡಿಗಳು ಗಿಡ್ಡ ಆಗುತ್ತಿವೆ. ಯುರೋಪಿನಲ್ಲಿ 2004ರ ಹೊತ್ತಿಗೆ ಕಡ್ಡಿಯೇ ಇಲ್ಲದ ಇಂಪ್ಲಾಂಟ್ ಬಂತು. ಅದು ಮೂಳೆಯ ಮೇಲ್ತುದಿಯ ಜಾಳು ಭಾಗವನ್ನೇ ಕಚ್ಚಿ ನಿಲ್ಲುತ್ತದೆ. ಸಹಜವಾಗಿ, ಆ ಜಾಳು ಮೂಳೆ ಚೆನ್ನಾಗಿದ್ದವರಿಗೆ ಮಾತ್ರ.

ಇಂಪ್ಲಾಂಟ್ ಸಡಿಲ ಆಗುತ್ತೆ ಅಂತಾರಲ್ಲ, ಎಲ್ಲಿ ಸಡಿಲ ಆಗುತ್ತೆ?

ಮಾಮೂಲಿ ಪೂರ್ತಿ ಹೆಗಲ ಬದಲಾವಣೆಯಲ್ಲಿ ರಟ್ಟೆಯ ಕಡೆ ಲೋಹದ ಗುಂಡು, ಬಟ್ಟಲಿನ ಕಡೆ ಪ್ಲಾಸ್ಟಿಕ್ ಇರುತ್ತದೆ. ಹೆಚ್ಚಾಗಿ ಕೈಕೊಡುವುದು ಬಟ್ಟಲಿನ ಕಡೆ ಕೂರಿಸಿದ ಪ್ಲಾಸ್ಟಿಕ್ ತುಂಡು. ಲೋಹದ ಗುಂಡು ಮುರಿಯುವುದು ತೀರಾ ಅಪರೂಪ.

ಕಾರಣ ಹೀಗೆ. ಕೈ ಎತ್ತಿದಾಗ ಗುಂಡು ಬಟ್ಟಲಿನ ನಡುವಲ್ಲೇ ಇದ್ದರೆ ಒತ್ತಡ ನೇರವಾಗಿ ಒಳಗೆ ಹೋಗುತ್ತದೆ. ಸ್ನಾಯು ಹರಿದೋ, ಬಟ್ಟಲು ವಾಲಿಯೋ ಗುಂಡು ಅಂಚಿಗೆ ಸರಿದರೆ ಪ್ಲಾಸ್ಟಿಕ್ಕಿನ ಒಂದು ಅಂಚು ಅದುಮಿಕೊಳ್ಳುತ್ತದೆ, ಎದುರು ಅಂಚು ಮೇಲೆದ್ದು ಬರಲು ನೋಡುತ್ತದೆ. ಮೂಳೆಗೆ ಎಳೆತ ಇಷ್ಟವಿಲ್ಲ ಅಂತ ಮೇಲೆ ಹೇಳಿದೆನಲ್ಲ. ದಿನಕ್ಕೆ ಸಾವಿರ ಸಲ ಹೀಗೆ ಅತ್ತಿತ್ತ ಆಡಿದರೆ ಬುಡ ಬಿಡುತ್ತದೆ. ತೋಟದ ಬೇಲಿಗೂಟ ನೋಡಿ: ಗೂಟ ಬೀಟೆಯದ್ದೇ ಆದರೂ ಮಳೆಗಾಲದ ಮೆತ್ತನೆ ಮಣ್ಣಲ್ಲಿ ಅಲ್ಲಾಡಿಸಿದರೆ ಎದ್ದು ಬರುತ್ತದೆ.

ಬಟ್ಟಲಿನ ಮೇಲ್ಮೈಯಲ್ಲಿ ಒಂದು ತೆಳು ಗಟ್ಟಿ ಪದರ ಇದೆ. ಅದರ ಕೆಳಗೆ ಜಾಳು ಮೂಳೆ. ಕೀಲು ಸವೆದವರಲ್ಲಿ ಬಟ್ಟಲಿನ ಹಿಂಭಾಗ ಜಾಸ್ತಿ ಸವೆದು ಹಿಂದಕ್ಕೆ ವಾಲುವುದು ಸಾಮಾನ್ಯ. ಫ್ರಾನ್ಸಿನ ಸರ್ಜನ್ ಜಿಲ್ ವಾಲ್ಶ್ ಮತ್ತು ಜೊತೆಗಾರರು 1999ರಲ್ಲಿ ಈ ಸವೆತವನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ನಿಮ್ಮ ಸ್ಕ್ಯಾನ್ ವರದಿಯಲ್ಲಿ 'ಬಿ2' ಅಂತ ಇದ್ದರೆ ಬಟ್ಟಲಲ್ಲಿ ಹಳೆಯ ಕುಳಿಯ ಪಕ್ಕ ಹೊಸ ಕುಳಿ ಬಿದ್ದಿದೆ ಅಂತ ಅರ್ಥ. ವಾಲಿದ್ದನ್ನು ನೇರ ಮಾಡಲು ಸರ್ಜನ್ ಎತ್ತರದ ಕಡೆ ಕೆರೆಯಬಹುದು. ಆದರೆ ಜಾಸ್ತಿ ಕೆರೆದರೆ ಆ ಗಟ್ಟಿ ಪದರವೇ ಹೋಗಿ ಇಂಪ್ಲಾಂಟ್ ಮೆತ್ತನೆ ಮೂಳೆಯ ಮೇಲೆ ಕೂರುತ್ತದೆ. ಎಷ್ಟು ಕೆರೆಯಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಆ ಕೆಲಸದ ಕಸುಬು. ನನ್ನ ಕೇಳಿದರೆ, ಕಂಪನಿ ವಿಚಾರಿಸುವ ಹೊತ್ತಲ್ಲಿ "ನನ್ನ ಬಟ್ಟಲು ಎಷ್ಟು ವಾಲಿದೆ, ಅದಕ್ಕೆ ಏನು ಮಾಡ್ತೀರಿ ಡಾಕ್ಟ್ರೇ?" ಅಂತ ವಿಚಾರಿಸಿ.

ಕಾಲಿನ ಹಾಗೆ ಹೆಗಲು ಮೈಭಾರ ಹೊರುವುದಿಲ್ಲವಲ್ಲ. ಅಷ್ಟು ಒತ್ತಡ ಎಲ್ಲಿಂದ ಬರುತ್ತೆ?

ಬರೀ ಕೈ ಎತ್ತಿದರೂ ಬರುತ್ತದೆ. ಲೆಕ್ಕ ಹಾಕೋಣ. 60 ಕಿಲೋ ತೂಕದವರ ಒಂದು ಕೈ ಸುಮಾರು 3 ಕಿಲೋ. ಕೈಯನ್ನು ಪಕ್ಕಕ್ಕೆ ನೇರ ಚಾಚಿದಾಗ ಆ ತೂಕ ಕೀಲಿನಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಇರುವ ಹಾಗೆ ಲೆಕ್ಕ. ಅದನ್ನು ಎತ್ತಿ ಹಿಡಿಯುವ ಹೆಗಲ ಸ್ನಾಯುವಿಗೆ ಸಿಗುವ ಸನ್ನೆಕೋಲಿನ ಉದ್ದ ಮೂರು ಸೆಂಟಿಮೀಟರ್ ಆಸುಪಾಸು. ಹತ್ತು ಪಟ್ಟು ಎಳೆಯಬೇಕು, ಅಂದರೆ 30 ಕಿಲೋ. ಗುಂಡು ಜಾರದ ಹಾಗೆ ಹಿಡಿಯುವ ಬೇರೆ ಸ್ನಾಯುಗಳ ಎಳೆತ ಅದರ ಮೇಲೆ. ಪಾಪೆನ್ ಮತ್ತು ವಾಕರ್ ಅನ್ನುವ ಸಂಶೋಧಕರು 1978ರಲ್ಲಿ ಮಾಡಿದ ಲೆಕ್ಕದಲ್ಲಿ ಕೈ ಹೆಗಲ ಮಟ್ಟಕ್ಕೆ ಬಂದಾಗ ಕೀಲಿನ ಒತ್ತಡ ಮೈತೂಕದ ಸುಮಾರು 90 ಶೇಕಡ. ಆಮೇಲೆ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ತಂಡ ಇಂಪ್ಲಾಂಟ್ ಒಳಗೇ ಸೆನ್ಸರ್ ಇಟ್ಟು ಬದುಕಿರುವ ರೋಗಿಗಳಲ್ಲಿ ಅಳೆಯಿತು. ಭಾರ ಎತ್ತುವಾಗ ಒತ್ತಡ ಮೈತೂಕವನ್ನೂ ದಾಟುವುದು ಅಲ್ಲೂ ಕಂಡಿತು.

ಚಾಚಿದ ಕೈಯಲ್ಲಿ 2 ಕಿಲೋದ ಒಂದು ಡಬ್ಬ ಹಿಡಿದರೆ? ಅದು 60 ಸೆಂಟಿಮೀಟರ್ ದೂರದಲ್ಲಿದೆ. ಸ್ನಾಯು ಇನ್ನೂ 40 ಕಿಲೋ ಎಳೆಯಬೇಕು. ಅದೇ ಡಬ್ಬವನ್ನು ಮೊಣಕೈ ಮಡಚಿ ಎದೆಯ ಹತ್ತಿರ ಹಿಡಿದರೆ ಲೆಕ್ಕ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಫಿಸಿಯೋಥೆರಪಿಸ್ಟ್ "ಕೈ ಮೈಗೆ ಹತ್ತಿರ ಇಟ್ಟು ಎತ್ತಿ" ಅಂತ ಸುಮ್ನೆ ಹೇಳುವುದಲ್ಲ. ಕಣದಿಂದ ಕಾಫಿ ಮೂಟೆ ಹೊರುವುದನ್ನು ಆಪರೇಷನ್ ಆದವರು ಬೇರೆಯವರಿಗೆ ಬಿಡಬೇಕು. ಗಿಡದ ಕೊಂಬೆ ಬಗ್ಗಿಸಿ ಹಣ್ಣು ಕೊಯ್ಯುವುದು ಬೇರೆ ಲೆಕ್ಕ. ಅದಕ್ಕೆ ಎಷ್ಟು ತಿಂಗಳು ಕಾಯಬೇಕು ಅಂತ ಡಾಕ್ಟರನ್ನೇ ಕೇಳಿ.

ವಯಸ್ಸಾದಂತೆ ಹೆಗಲ ಮೂಳೆಗೆ ಏನಾಗುತ್ತೆ?

ಜಾಳು ಮೂಳೆಯ ಕಡ್ಡಿಗಳು ತೆಳುವಾಗುತ್ತವೆ, ಕೆಲವು ಕಡಿದೇ ಹೋಗುತ್ತವೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಬೇಗ. ಇಲ್ಲಿ ಒಂದು ಲೆಕ್ಕ ಗೊತ್ತಿರಲಿ. ಕಾರ್ಟರ್ ಮತ್ತು ಹೇಸ್ ಅನ್ನುವ ಸಂಶೋಧಕರು 1977ರಲ್ಲಿ ತೋರಿಸಿದ ಹಾಗೆ, ಮೂಳೆಯ ಬಲ ಅದರ ಸಾಂದ್ರತೆಯ ವರ್ಗಕ್ಕೆ ಹತ್ತಿರ ಹೋಗುತ್ತದೆ. ಸಾಂದ್ರತೆ ಅರ್ಧ ಆದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. "ಸ್ವಲ್ಪ ಕಡಿಮೆ ಇದೆ ಅಷ್ಟೇ" ಅಂತ ವರದಿ ಮಡಚಿಡುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ರಟ್ಟೆ ಮೂಳೆಯ ಗುಂಡಿನೊಳಗೂ ಎಲ್ಲ ಕಡೆ ಒಂದೇ ಥರ ಇಲ್ಲ. ಮೇಲ್ಮೈಯ ಕೆಳಗೇ ಇರುವ ಜಾಳು ಮೂಳೆ ಚೆನ್ನಾಗಿರುತ್ತದೆ. ಆಳಕ್ಕೆ ಹೋದಂತೆ ಸಡಿಲ. ಹೊರಬದಿಯಲ್ಲಿ ಸ್ನಾಯು ಅಂಟಿಕೊಳ್ಳುವ ಉಬ್ಬಿನ ಒಳಗೆ, ತುಂಬಾ ವಯಸ್ಸಾದವರಲ್ಲಿ, ಬಹುತೇಕ ಕೊಬ್ಬೇ ತುಂಬಿರುತ್ತದೆ.

ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಹೆಗಲು ಮುರಿದಿದೆ. ಪ್ಲೇಟ್ ಹಾಕಿಸುವುದಾ, ಕೀಲೇ ಬದಲಾಯಿಸುವುದಾ?

ಸಿಲ್ವರ್ ಮರಕ್ಕೆ ಒರಗಿಸಿದ ಏಣಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕಡೆ ಮೂಳೆ ಡಾಕ್ಟರ್‌ಗಳಿಗೆ ಬಿಡುವು ಕೊಡುವುದಿಲ್ಲ. ಉತ್ತರ ಮುರಿದ ರೀತಿ, ವಯಸ್ಸು, ಮೂಳೆಯ ಗುಣ ಮೂರರ ಮೇಲೂ ನಿಂತಿದೆ.

ತುಂಬಾ ಮುರಿತಗಳಿಗೆ ಎರಡೂ ಬೇಡ. ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರೊಫರ್ ಅಧ್ಯಯನ, ಜಾಗ ತಪ್ಪಿದ ಮುರಿತ ಇದ್ದವರಲ್ಲೂ ಆಪರೇಷನ್ ಮಾಡಿಸಿಕೊಂಡವರಿಗೂ ಜೋಳಿಗೆ ಪಟ್ಟಿಯಲ್ಲಿ ಗುಣವಾದವರಿಗೂ ಎರಡು ವರ್ಷದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಅಂತ ಹೇಳಿತು. ಗುಂಡೇ ಒಡೆದು ಹೋಳಾದವರು, ಕೀಲು ಜಾರಿದವರು ಆ ಲೆಕ್ಕದಲ್ಲಿ ಬರುವುದಿಲ್ಲ.

ಪ್ಲೇಟ್ ಹಾಕಿದರೆ ಅದರ ಸ್ಕ್ರೂಗಳು ಗುಂಡಿನೊಳಗಿನ ಜಾಳು ಮೂಳೆಯನ್ನೇ ಹಿಡಿಯಬೇಕು. ಯುವಕರಲ್ಲಿ ಹಿಡಿತ ಸಿಗುತ್ತದೆ. ಟೊಳ್ಳು ಮೂಳೆಯಲ್ಲಿ ಸ್ಕ್ರೂ ನಿಂತಲ್ಲೇ ನಿಲ್ಲುತ್ತದೆ, ಮೂಳೆ ಕುಸಿಯುತ್ತದೆ, ತುದಿ ಕೀಲಿನೊಳಗೆ ಚುಚ್ಚುತ್ತದೆ. ಎಪ್ಪತ್ತು ದಾಟಿದವರ ಕೆಟ್ಟ ಮುರಿತಗಳಿಗೆ ಈಗ ಹಲವು ಸರ್ಜನ್‌ಗಳು ರಿವರ್ಸ್ ಕೀಲಿನ ಕಡೆ ವಾಲುತ್ತಿರುವುದು ಇದನ್ನು ನೋಡಿಯೇ.

ಈ ರಿವರ್ಸ್ ಅಂದರೆ ಏನು? ಉಲ್ಟಾ ಹಾಕ್ತಾರಾ?

ಹೌದು, ನಿಜಕ್ಕೂ ಉಲ್ಟಾ. ಹೆಗಲ ಹಲಗೆಯ ಕಡೆ ಗುಂಡು, ರಟ್ಟೆಯ ಕಡೆ ಬಟ್ಟಲು. ಫ್ರಾನ್ಸಿನ ಪಾಲ್ ಗ್ರಾಮೋಂ 1985ರಲ್ಲಿ ಇದರ ಈಗಿನ ರೂಪಕ್ಕೆ ಅಡಿಪಾಯ ಹಾಕಿದರು. ಕೀಲು ತಿರುಗುವ ಕೇಂದ್ರವನ್ನು ಒಳಕ್ಕೆ ಮತ್ತು ಕೆಳಕ್ಕೆ ಸರಿಸಿದರು. ಹಾಗೆ ಮಾಡಿದಾಗ ಎರಡು ಲಾಭ. ಹೆಗಲ ಮೇಲಿನ ದೊಡ್ಡ ಸ್ನಾಯುವಿಗೆ ಸನ್ನೆಕೋಲು ಉದ್ದವಾಗುತ್ತದೆ. ಒಳಗಿನ ಸಣ್ಣ ಸ್ನಾಯುಗಳು ಹರಿದಿದ್ದರೂ ಅದೊಂದೇ ಕೈ ಎತ್ತಬಲ್ಲದು. ಇನ್ನೊಂದು, ಲೋಹ ಮತ್ತು ಮೂಳೆ ಕೂಡುವ ಜಾಗದಲ್ಲಿ ಜಾರಿಸುವ ಬಲ ಕಡಿಮೆಯಾಗಿ ನೇರ ಒತ್ತಡ ಜಾಸ್ತಿಯಾಗುತ್ತದೆ. ಮೂಳೆಗೆ ಬೇಕಾದದ್ದೂ ಅದೇ ಅಲ್ವಾ? ಅವರಿಗಿಂತ ಮುಂಚಿನ ಉಲ್ಟಾ ಕೀಲುಗಳು ಕಿತ್ತುಬರುತ್ತಿದ್ದವು.

ಇಲ್ಲಿ ಗುಂಡಿನ ತಳಕ್ಕೆ ಒಂದು ಲೋಹದ ಬಿಲ್ಲೆ ಇರುತ್ತದೆ. ಹಲವು ಬಿಲ್ಲೆಗಳ ಅಡ್ಡಳತೆ 25ರಿಂದ 29 ಮಿಲಿಮೀಟರ್. ಬಟ್ಟಲಿನ ಅಗಲ ಮೇಲೆ ಓದಿದಿರಿ. ಸಣ್ಣ ಮೈಕಟ್ಟಿನವರಿಗೆ ಅಳತೆ ಬಿಗಿಯಾಗುತ್ತದೆ. ಬಿಲ್ಲೆಯ ಸ್ಕ್ರೂಗಳನ್ನು ಹೆಗಲ ಹಲಗೆಯಲ್ಲಿ ಮೂಳೆ ದಪ್ಪ ಇರುವ ಕಡೆಗೇ ಗುರಿ ಇಡಬೇಕು. ಮುಂದಕ್ಕೆ ಬಾಗಿದ ಕೊಕ್ಕೆ ಮೂಳೆಯ ಬುಡ, ಹಿಂಬದಿಯ ಏಣು, ಕೆಳಗಿನ ಹೊರ ಅಂಚು, ಈ ಮೂರು ಕಡೆ. ಉಳಿದ ಹಲಗೆ ಕೆಲವೆಡೆ ಬೆಳಕು ಹಾಯುವಷ್ಟು ತೆಳು.

ತೊಂದರೆಯೂ ಇದೆ. ದೊಡ್ಡ ಸ್ನಾಯು ಬಿಗಿಯಾಗಿ ಎಳೆಯುವುದರಿಂದ ಅದು ಅಂಟಿಕೊಂಡಿರುವ ಹೆಗಲ ತುದಿಯ ಮೂಳೆ, ಮೊದಲೇ ಟೊಳ್ಳಾಗಿದ್ದರೆ, ಬೀಳದೆಯೂ ಬಿರುಕು ಬಿಡಬಹುದು. ಆಪರೇಷನ್ ಆಗಿ ಆರಾಮ ಇದ್ದವರಿಗೆ ಹೆಗಲ ಮೇಲ್ತುದಿಯಲ್ಲಿ ಹೊಸ ನೋವು ಬಂದರೆ ಎಣ್ಣೆ ತಿಕ್ಕಿಕೊಂಡು ಕೂರಬೇಡಿ. ಡಾಕ್ಟರ್‌ಗೆ ತೋರಿಸಿ.

ಸಿಮೆಂಟ್ ಹಾಕಿದರೆ ಗಟ್ಟಿಯಾ, ಹಾಕದಿದ್ದರೆ ಗಟ್ಟಿಯಾ?

ಬೋನ್ ಸಿಮೆಂಟ್ ಒಂದು ಬಗೆಯ ಅಕ್ರಿಲಿಕ್. ಅಂಟುವುದಿಲ್ಲ, ಜಾಳು ಮೂಳೆಯ ತೂತುಗಳಿಗೆ ನುಗ್ಗಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅದರ ಬಿಗುವು 2ರಿಂದ 3 ಗಿಗಾಪಾಸ್ಕಲ್, ಲೋಹಕ್ಕೂ ಜಾಳು ಮೂಳೆಗೂ ನಡುವೆ. ಬಟ್ಟಲಿನ ಪ್ಲಾಸ್ಟಿಕ್ ತುಂಡನ್ನು ಸಾಮಾನ್ಯವಾಗಿ ಸಿಮೆಂಟ್ ಹಾಕಿಯೇ ಕೂರಿಸುತ್ತಾರೆ.

ಸಿಮೆಂಟ್ ಇಲ್ಲದ ಇಂಪ್ಲಾಂಟ್‌ನ ಮೈ ಒರಟಾಗಿ, ತೂತು ತೂತಾಗಿ ಇರುತ್ತದೆ. ಮೂಳೆ ಅದರೊಳಗೆ ಬೆಳೆದು ಹಿಡಿಯಬೇಕು. ಅದಕ್ಕೆ ಮೊದಲ ವಾರಗಳಲ್ಲಿ ಅಲುಗಾಟ ಇರಬಾರದು. ಸುಮಾರು 50 ಮೈಕ್ರಾನ್ ಒಳಗಿದ್ದರೆ ಮೂಳೆ ಬೆಳೆಯುತ್ತದೆ. 150 ದಾಟಿದರೆ ಮೂಳೆಯ ಬದಲು ನಾರು ಬೆಳೆದು ಹಿಡಿತ ಸಿಗುವುದೇ ಇಲ್ಲ. ತಲೆಗೂದಲಿನ ದಪ್ಪವೇ 50ರಿಂದ 100 ಮೈಕ್ರಾನ್. ತೋಳಿಗೆ ಪಟ್ಟಿ ಕಟ್ಟಿ ಕಳಿಸಿದ ಮೇಲೆ "ನೋವಿಲ್ಲ" ಅಂತ ಪಟ್ಟಿ ಬಿಚ್ಚಿ ಕೆಲಸಕ್ಕೆ ಇಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಈ ಲೆಕ್ಕದಿಂದ.

ನನ್ನ ಮೂಳೆ ಹೇಗಿದೆ ಅಂತ ಮೊದಲೇ ಗೊತ್ತಾಗುತ್ತಾ?

ತಕ್ಕಮಟ್ಟಿಗೆ. ಮಾಮೂಲಿ ಎಕ್ಸ್‌ರೇಯಲ್ಲೇ ರಟ್ಟೆ ಮೂಳೆಯ ಚಿಪ್ಪಿನ ದಪ್ಪ ಅಳೆಯಬಹುದು. ಎರಡೂ ಬದಿಯ ಸರಾಸರಿ 4 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಮೂಳೆ ಸೊರಗಿದೆ ಅಂತ ಸರ್ಜನ್‌ಗಳು ಎಚ್ಚರವಾಗುತ್ತಾರೆ. ಸಿಟಿ ಸ್ಕ್ಯಾನ್ ಬಟ್ಟಲಿನ ಆಕಾರ, ವಾಲು, ಉಳಿದ ಮೂಳೆಯ ಆಳ ಮೂರನ್ನೂ ತೋರಿಸುತ್ತದೆ. ಕೀಲು ಬದಲಾವಣೆಗೆ ಮುಂಚೆ ಇದು ಬೇಕೇ ಬೇಕು ಅನ್ನುವವರಲ್ಲಿ ನಾನೂ ಒಬ್ಬ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಸೊಂಟ ಮತ್ತು ಬೆನ್ನುಮೂಳೆಯದು. ಅದರ ಅಂಕ, ಅಂದರೆ ಟಿ ಸ್ಕೋರ್, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ.

ಕಡ್ಡಿಯಿಲ್ಲದ ಇಂಪ್ಲಾಂಟ್ ಯೋಚಿಸುತ್ತಿದ್ದರೆ ಕೊನೆಯ ಪರೀಕ್ಷೆ ಆಪರೇಷನ್ ಮೇಜಿನ ಮೇಲೆ. ಗುಂಡನ್ನು ಕತ್ತರಿಸಿದ ಮೇಲೆ ಸರ್ಜನ್ ಜಾಳು ಮೂಳೆಯನ್ನು ಹೆಬ್ಬೆರಳಿಂದ ಒತ್ತಿ ನೋಡುತ್ತಾರೆ. ಒಳಗೆ ಹೋದರೆ ಕಡ್ಡಿ ಇರುವುದನ್ನೇ ಹಾಕುತ್ತಾರೆ. ಇಷ್ಟೆಲ್ಲ ಯಂತ್ರ ಇರುವ ಕಾಲದಲ್ಲೂ ಹೆಬ್ಬೆರಳಿಗೆ ಕೆಲಸ ಉಳಿದಿದೆ ಅನ್ನುವುದು ನನಗೆ ಖುಷಿ.

ಆಪರೇಷನ್‌ಗೆ ಮುಂಚೆ ಮೂಳೆ ಗಟ್ಟಿ ಮಾಡಿಕೊಳ್ಳಬಹುದಾ?

ಪೂರ್ತಿ ಅಲ್ಲ, ಸ್ವಲ್ಪ ಮಟ್ಟಿಗೆ. ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲು ಕಾಣುವುದೇ ಅಪರೂಪ, ಮನೆಯೊಳಗೇ ಇರುವ ಹಿರಿಯರಿಗಂತೂ ಇನ್ನೂ ಕಡಿಮೆ. ವಿಟಮಿನ್ ಡಿ ರಕ್ತ ಪರೀಕ್ಷೆ ಮಾಡಿಸಿ. ಆಸ್ಟಿಯೋಪೊರೋಸಿಸ್ ಇದ್ದರೆ ಮಾತ್ರೆ ಇದೆ, ವರ್ಷಕ್ಕೊಮ್ಮೆ ಕೊಡುವ ಡ್ರಿಪ್ ಇದೆ. ಉಬ್ಬಸಕ್ಕೋ ಸಂಧಿವಾತಕ್ಕೋ ತುಂಬಾ ದಿನದಿಂದ ಸ್ಟೀರಾಯ್ಡ್ ಮಾತ್ರೆ ತಿನ್ನುತ್ತಿದ್ದರೆ ಮುಚ್ಚಿಡಬೇಡಿ. ಅದು ಮೂಳೆ ತಿನ್ನುತ್ತದೆ. ಬೀಡಿ, ಸಿಗರೇಟೂ ಹಾಗೇ.

ಕೀಲು ಬದಲಾಯಿಸಿದ ಮೇಲೆ ಕೋವಿ ಹಿಡಿಯಬಹುದಾ?

ಬೇರೆ ಜಿಲ್ಲೆಯವರು ನಗಬಹುದು. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವ ನಮಗೆ ಇದು ನಿಜವಾದ ಪ್ರಶ್ನೆ.

ಸುಮಾರು 3 ಕಿಲೋದ 12 ಬೋರ್ ಕೋವಿ ಮಾಮೂಲಿ ತೋಟಾ ಹಾರಿಸಿದಾಗ ಹಿಂದಕ್ಕೆ ಒದೆಯುವ ಶಕ್ತಿ 30 ಜೂಲ್ ಆಸುಪಾಸು. ಆ ಕೋವಿಯೇ ಒಂದು ಮೀಟರ್ ಎತ್ತರದಿಂದ ಹೆಗಲ ಮೇಲೆ ಬಿದ್ದಷ್ಟು. ಹಿಡಿ ಒತ್ತುವುದು ಹೆಗಲ ಮುಂಭಾಗಕ್ಕೆ, ಹಾಗಾಗಿ ರಟ್ಟೆಯ ಗುಂಡನ್ನು ಹಿಂದಕ್ಕೆ ತಳ್ಳುತ್ತದೆ. ಬಟ್ಟಲಿನ ಹಿಂದಿನ ಅಂಚಿಗೆ ಭಾರ, ಮುಂದಿನ ಅಂಚಿಗೆ ಎಳೆತ. ಮೇಲೆ ಹೇಳಿದ ಅದೇ ಅಲ್ಲಾಟ, ಅದೂ ಒಂದೇ ಏಟಿಗೆ. ರಿವರ್ಸ್ ಕೀಲಿನಲ್ಲಿ ಬಲ ಬೀಳುವ ರೀತಿ ಬೇರೆ, ಆದರೆ ಬಿಲ್ಲೆಯ ಸ್ಕ್ರೂಗಳಿಗೆ ಅಡ್ಡ ಏಟು ಬೀಳುವುದು ತಪ್ಪದು.

ಮೂಳೆ ಇಂಪ್ಲಾಂಟನ್ನು ಹಿಡಿಯುವ ಮೊದಲ ತಿಂಗಳುಗಳಲ್ಲಿ ಬೇಡವೇ ಬೇಡ. ಆಮೇಲಿನ ಮಾತು ನಿಮ್ಮ ಸರ್ಜನ್‌ಗೆ ಬಿಟ್ಟದ್ದು, ಅವರಲ್ಲೂ ಒಮ್ಮತ ಇಲ್ಲ. ಪುತ್ತರಿ ಹಬ್ಬದಲ್ಲಿ ಗಾಳಿಗೆ ಹಾರಿಸುವ ಚರೆಯಿಲ್ಲದ ಮದ್ದಿಗೆ ಒದೆತ ತುಂಬಾ ಕಡಿಮೆ. ಇನ್ನೊಂದು ಹೆಗಲಿಗೆ ಕೋವಿ ಬದಲಾಯಿಸಿಕೊಳ್ಳುವುದು ಮತ್ತೊಂದು ದಾರಿ. ಗುರಿ ತಪ್ಪಿದರೆ ಮನೆಯವರು ನಗುತ್ತಾರೆ, ನಗಲಿ.

ಎಷ್ಟು ವರ್ಷ ಬಾಳಿಕೆ ಬರುತ್ತೆ?

ದೊಡ್ಡ ದೊಡ್ಡ ದೇಶಗಳ ದಾಖಲೆಗಳ ಪ್ರಕಾರ ಹತ್ತರಲ್ಲಿ ಒಂಬತ್ತು ಹೆಗಲ ಇಂಪ್ಲಾಂಟ್‌ಗಳು 10 ವರ್ಷ ದಾಟುತ್ತವೆ. ಪ್ಲಾಸ್ಟಿಕ್ ಸವೆದು ಉದುರುವ ಪುಡಿಗೆ ದೇಹ ಕೆರಳಿ ಸುತ್ತಲಿನ ಮೂಳೆಯನ್ನು ಕರಗಿಸುವುದೂ ಸಡಿಲಾಗಲು ಒಂದು ಕಾರಣ. ಮೊದಲ ಪ್ರಯತ್ನದ ಕಥೆ ಕೇಳಿದರೆ ನಾವೆಲ್ಲಿಗೆ ಬಂದಿದ್ದೇವೆ ಅಂತ ತಿಳಿಯುತ್ತದೆ. 1893ರಲ್ಲಿ ಪ್ಯಾರಿಸ್‌ನಲ್ಲಿ ಜೂಲ್ ಪೆಯಾಂ ಕ್ಷಯ ತಗುಲಿದ ಒಬ್ಬನ ಹೆಗಲಿಗೆ ಪ್ಲಾಟಿನಂ ಕೊಳವೆ, ಪ್ಯಾರಾಫಿನ್‌ನಲ್ಲಿ ಕುದಿಸಿದ ರಬ್ಬರ್ ಗುಂಡು ಕೂರಿಸಿದರು. ಎರಡು ವರ್ಷದ ಹೊತ್ತಿಗೆ ಸೋಂಕಾಗಿ ತೆಗೆಯಬೇಕಾಯಿತು. ಈಗಿನ ಇಂಪ್ಲಾಂಟ್‌ಗಳ ದಾರಿ ಶುರುವಾದದ್ದು 1950ರ ದಶಕದಲ್ಲಿ, ನ್ಯೂಯಾರ್ಕಿನ ಚಾರ್ಲ್ಸ್ ನೀರ್ ಅವರಿಂದ.

ಇಂಪ್ಲಾಂಟ್ ಇದ್ದರೆ ಎಂಆರ್‌ಐ ಮಾಡಿಸಬಹುದಾ?

ಈಗಿನ ಟೈಟಾನಿಯಂ, ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್‌ಗಳಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಿ. ಲೋಹದ ಸುತ್ತ ಚಿತ್ರ ಕಲಸಿದ ಹಾಗೆ ಬರುತ್ತದೆ.

ಆಪರೇಷನ್ ಆದ ಮೇಲೆ ಯಾವ ಕಾಗದ ಜೋಪಾನ ಮಾಡಬೇಕು?

ಇಂಪ್ಲಾಂಟ್ ಪೆಟ್ಟಿಗೆಯ ಜೊತೆ ಬರುವ ಸ್ಟಿಕ್ಕರ್‌ಗಳನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ಅದರಲ್ಲಿ ಮಾದರಿ, ಅಳತೆ, ಬ್ಯಾಚ್ ಸಂಖ್ಯೆ ಎಲ್ಲ ಇರುತ್ತದೆ. ಅದರ ಒಂದು ಪ್ರತಿ ಕೇಳಿ ಪಡೆಯಿರಿ. ಹತ್ತು ವರ್ಷದ ಮೇಲೆ ಒಂದು ಭಾಗ ಬದಲಾಯಿಸಬೇಕಾದರೆ ಉಳಿದ ಭಾಗಕ್ಕೆ ಹೊಂದುವುದನ್ನು ತರಿಸಲು ಸರ್ಜನ್‌ಗೆ ಇದೇ ಬೇಕು. ಇಲ್ಲದಿದ್ದರೆ ಚೆನ್ನಾಗಿ ಕೂತ ಭಾಗವನ್ನೂ ಕೀಳಬೇಕಾಗಬಹುದು, ಕೀಳುವಾಗ ಮೂಳೆಯೂ ಹೋಗುತ್ತದೆ. ಆಪರೇಷನ್‌ಗೆ ಮುಂಚಿನ ಸಿಟಿ ಸ್ಕ್ಯಾನ್ ಸಿಡಿಯನ್ನೂ ಎಸೆಯಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಕಾಗದ ಬೂಸ್ಟು ಹಿಡಿಯುತ್ತದೆ. ಫೋಟೋ ತೆಗೆದು ಮಕ್ಕಳ ಫೋನಿಗೂ ಕಳಿಸಿಡಿ.